ಹಲ್ಲು ಕೀಳಿಸುವ ಸೂಟಿ

ಊರಿಗೆಲ್ಲ ರೊಟ್ಟಿ ಬಡಿದು ಕೊಡುವ ಕೆಂಪವ್ವ ತಾನು ಒಂದು ರೊಟ್ಟಿಯನ್ನು ಕಡಿದು ತಿಂದು ಮೂರು ತಿಂಗಳ ಮೇಲಾಗಿತ್ತು. ಬಲಗಡೆ ಕೆಳದವಡೆಯ ಹಲ್ಲೊಂದು ಹುಳುಕಾಗಿ, ಒಳಗೊಳಗೇ ಕೊಳೆತು, ಈಗ ಬಾಯಲ್ಲಿ ಗಾಳಿ ಹೊಕ್ಕರೂ ಕಿವಿಯ ತನಕ ಚಳುಕು ಹೊಡೆಯುತ್ತಿತ್ತು. ದಿನಕ್ಕೆ ಮುನ್ನೂರು ಖಡಕ್ ರೊಟ್ಟಿ ಮಾಡಿ ಲಗ್ನದ ಮನೆಗೂ ಖಾನಾವಳಿಗೂ ಕಳಿಸುವವಳು ಮಧ್ಯಾಹ್ನ ಒಂದು ಮೆತ್ತನೆಯ ರೊಟ್ಟಿಯನ್ನು ಹಾಲಲ್ಲಿ ನೆನೆಸಿ, ಎಡಗಡೆಗೆ ಸರಿಸಿ, ಕೂಸಿನಂತೆ ನುಂಗುತ್ತಿದ್ದಳು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂದು ಗಾದೆ ಕಟ್ಟಿದವನಿಗೆ, ಎರಡೂ ಇದ್ದು ತಿನ್ನಲಾರದವಳ ಪಾಡು ಗೊತ್ತಿರಲಿಕ್ಕಿಲ್ಲ.

ಆ ಹಲ್ಲು ಕಿತ್ತು ಹೋದರೆ ಸಾಕು, ಅವಳಿಗೆ ಬೇಕಾದದ್ದು ಅಷ್ಟೇ. ಆದರೆ ಅದು ಎರಡು ಸಲ ಗಲಗಲಿಯಿಂದ ಜಮಖಂಡಿಗೆ ಹೋಗಿ, ಎರಡು ಸಲವೂ ಬಾಯಲ್ಲಿ ಕೂತುಕೊಂಡೇ ವಾಪಸು ಬಂದಿತ್ತು.

ಜಮಖಂಡಿಗೆ ಹೋಗುವುದೇನು ದೊಡ್ಡ ಕೆಲಸವಲ್ಲ. ಬಸ್ಸಿದೆ, ಆಧಾರ ಕಾರ್ಡು ತೋರಿಸಿದರೆ ಹೆಂಗಸರಿಗೆ ಟಿಕೀಟೂ ಇಲ್ಲ. ಕಷ್ಟವಿದ್ದದ್ದು ಒಲೆ ಬಿಟ್ಟು ಏಳುವುದರಲ್ಲಿ. ಬೆಳಗಿನ ಐದಕ್ಕೆ ಹೊತ್ತಿದ ಒಲೆ ಮಧ್ಯಾಹ್ನ ಎರಡರ ತನಕ ಉರಿಯಬೇಕು. ಅತ್ತೆ ಶಂಕ್ರೆವ್ವ ಹಿಟ್ಟು ನಾದಿ ಕೊಡುವುದು, ಕೆಂಪವ್ವ ಬಡಿದು ಬೇಯಿಸುವುದು. ಇಬ್ಬರಲ್ಲಿ ಒಬ್ಬರು ಎದ್ದರೂ ಕೆಲಸ ನಿಂತಂತೆ. ಜ್ವರ ಬಂದರೂ ಏಳುವಂತಿಲ್ಲ, ಬೆಂಕಿಯ ಮುಂದೆ ಕೂತರೆ ಜ್ವರ ತಾನೇ ಇಳಿಯುತ್ತದೆ ಎಂಬುದು ಶಂಕ್ರೆವ್ವನ ವೈದ್ಯಶಾಸ್ತ್ರ.

ಏಳಬಹುದಾದದ್ದು ತಿಂಗಳಿಗೆ ನಾಲ್ಕೇ ದಿನ, ಕೆಂಪವ್ವ ಹೊರಗಾದಾಗ. ಊರಲ್ಲಿ ಎಷ್ಟೋ ಮನೆಗಳು ಆ ಕಟ್ಟುಪಾಡನ್ನು ಬಿಟ್ಟು ಬಹಳ ಕಾಲವಾಗಿತ್ತು. ಕಬ್ಬಿನ ಗದ್ದೆಗೆ ಹೋಗುವ ಹೆಂಗಸರಿಗೆ ಯಾವ ದಿನವಾದರೇನು. ಆದರೆ ಈ ಮನೆಯ ರೊಟ್ಟಿ ಮಠದ ಪ್ರಸಾದಕ್ಕೂ ಹೋಗುತ್ತದೆ, ನೂರಾರು ಮಂದಿ ಉಣ್ಣುವ ಪಂಕ್ತಿಗೂ ಹೋಗುತ್ತದೆ. ಹಾಗಾಗಿ ಆ ನಾಲ್ಕು ದಿನ ಸೊಸೆ ಹಿಟ್ಟು, ತವೆ, ಬೆಂಕಿ ಮುಟ್ಟಬಾರದು. ಹೊರಗಿನ ಕಟ್ಟೆಯ ಮೇಲೆ ಬೇರೆ ಚಾಪೆ, ಬೇರೆ ತಾಟು. ಒಲೆಯ ಮುಂದೆ ಆಚೆಮನೆಯ ಹಾಲವ್ವ ಕೂಲಿಗೆ ಬಂದು ಕೂಡುತ್ತಿದ್ದಳು, ಆ ಕೂಲಿಗೆ ಶಂಕ್ರೆವ್ವ ಒಪ್ಪುತ್ತಿದ್ದದ್ದು ಆ ನಾಲ್ಕು ದಿನಕ್ಕೆ ಮಾತ್ರ. ನೌಕರಿಯವರಿಗೆ ರವಿವಾರವಿದ್ದಂತೆ ಕೆಂಪವ್ವನಿಗೆ ಆ ನಾಲ್ಕು ದಿನದ ಸೂಟಿ. ರೇಶನ್ನಿನ ಹೆಬ್ಬೆಟ್ಟು, ಬ್ಯಾಂಕಿನ ಪಾಸ್‌ಬುಕ್ಕು, ತವರುಮನೆ, ಕಣ್ಣು, ಹಲ್ಲು, ಎಲ್ಲವೂ ಅದರೊಳಗೇ ಆಗಬೇಕು. ಸೊಂಟ ಮುರಿದು ಬೀಳುತ್ತಿದ್ದರೂ ಅವಳು ಆ ದಿನಗಳಲ್ಲೇ ಊರೂರು ತಿರುಗುತ್ತಿದ್ದಳು.

ಮೊದಲ ಸಲ ಹೋದದ್ದು ಡಿಸೆಂಬರಿನಲ್ಲಿ. ಜಮಖಂಡಿಯ ಕೋರ್ಟಿನ ಹಿಂದಿನ ಓಣಿಯಲ್ಲಿ ಅಕ್ಷತಾ ಎಂಬ ಡಾಕ್ಟರ ಹಲ್ಲಿನ ದವಾಖಾನೆ. ವಯಸ್ಸಿನಲ್ಲಿ ಕೆಂಪವ್ವನ ಓರಗೆಯವರೇ, ನಲವತ್ತರ ಆಚೀಚೆ. ದವಡೆಯ ಹಿಂದೆ ಸೂಜಿ ಚುಚ್ಚಿ ಹತ್ತು ನಿಮಿಷ ಕೂಡಿಸಿದರು. ತುಟಿ ದಪ್ಪಗಾಯಿತು, ಅರ್ಧ ನಾಲಿಗೆ ತನ್ನದಲ್ಲವೆನಿಸಿತು. ಆದರೆ ಇಕ್ಕಳ ಹಲ್ಲಿಗೆ ತಾಗಿದ್ದೇ ತಡ, ಕಾದ ತವೆಯನ್ನು ದವಡೆಗೆ ಒತ್ತಿದಂತಾಗಿ ಕೆಂಪವ್ವ ಡಾಕ್ಟರ ಮುಂಗೈಯನ್ನು ಎರಡೂ ಕೈಯಿಂದ ಹಿಡಿದುಬಿಟ್ಟಳು. ಇನ್ನೊಂದು ಸೂಜಿ ಕೊಟ್ಟರು. ಮತ್ತೆ ಅದೇ ಆಯಿತು.

“ತುಟಿ ಜಡಾ ಆಗೇತಿ ಅಂದ್ರ ಹಲ್ಲೂ ಜಡಾ ಆಗಿರತೈತಿ ಕೆಂಪವ್ವಾರ. ಇದು ನೋವಲ್ಲ, ಅಂಜಿಕಿ. ಸ್ವಲ್ಪ ಧೈರ್ಯಾ ಮಾಡ್ರಿ.”

“ಅಂಜಿಕಿ ಇಲ್ರಿ ಬಾಯಾರ. ಸೂಜಿನ ಹತ್ತಿಲ್ರಿ, ಹಲ್ಲ ಜಡಾನ ಆಗಿಲ್ಲ.”

ಹೊರಗೆ ಬೆಂಚಿನ ಮೇಲೆ ಎಂಟು ಮಂದಿ ಗಲ್ಲ ಹಿಡಿದುಕೊಂಡು ಕಾಯುತ್ತಿದ್ದರು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಮುಂದಿನ ಸಲ ಯಾರನ್ನಾದರೂ ಜೊತೆಗೆ ಕರೆದುಕೊಂಡು ಬನ್ನಿ ಎಂದರು. ಕಾರ್ಡಿನ ಮೇಲೆ ‘ಭಯ ಹೆಚ್ಚು’ ಎಂದು ಬರೆದದ್ದನ್ನು ಏಳನೆಯ ಇಯತ್ತೆ ಓದಿದ್ದ ಕೆಂಪವ್ವ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಎರಡು ಸಲ ಓದಿಕೊಂಡಳು.

ಎರಡನೆಯ ಸಲ, ಡಿಸೆಂಬರಿನ ಕೊನೆಯ ದಿನ, ಗಂಡ ಮುತ್ತಪ್ಪ ಜೊತೆಗೆ ಹೋದ. ಪಂಚಾಯತಿಯಲ್ಲಿ ನೀರು ಬಿಡುವ ಕೆಲಸದವನು, ವಾಲ್ವು ತಿರುವಿ ತಿರುವಿ ಗಟ್ಟಿಯಾದ ಕೈ. ಹೆಂಡತಿಯ ಭುಜವನ್ನೂ ವಾಲ್ವಿನಂತೆಯೇ ಹಿಡಿದ. ಮೂರು ಸೂಜಿಯಾದ ಮೇಲೂ ಕೆಂಪವ್ವ ಒದರಿದ ಒದರಿಗೆ ಬೆಂಚಿನ ಮೇಲಿದ್ದ ಇಬ್ಬರು ಎದ್ದು ಮನೆಗೆ ಹೋದರು. ಮುತ್ತಪ್ಪ ಊರಿಗೆ ಬಂದು ಅದನ್ನು ತನ್ನಲ್ಲೇ ಇಟ್ಟುಕೊಳ್ಳುವುದು ಬಿಟ್ಟು, ನೀರು ಬಿಡುವ ಪ್ರತಿ ಓಣಿಯಲ್ಲೂ ಹೇಳಿದ. ಶಂಕ್ರೆವ್ವನಿಗಂತೂ ಬಾಯಿ ತುಂಬ ಮಾತಾಯಿತು, ಬಾಯಲ್ಲಿ ಹಲ್ಲು ಕಡಿಮೆಯಿದ್ದರೂ.

“ನಾ ಹನ್ನೊಂದ ಹಲ್ಲ ಕೀಳಿಸೀನಿ. ಕುರ್ಚಿ ಮ್ಯಾಲ ಕುಂತಾಕಿ ಹಾಂ ಅಂದಿಲ್ಲ, ಹೂಂ ಅಂದಿಲ್ಲ. ಈಗಿನವ್ರು ಸೂಜಿ ಕಂಡ್ರ ಸಾಯತಾರ.”

ಎರಡು ಹೆರಿಗೆಯಲ್ಲಿ ಒದರದವಳು ಒಂದು ಹಲ್ಲಿಗೆ ಒದರಿದ್ದು ಯಾಕೆಂದು ಕೆಂಪವ್ವನಿಗೇ ತಿಳಿದಿರಲಿಲ್ಲ. ನೋವಿಗಿಂತ ಹೆಚ್ಚಾಗಿ, ನೋವಾಗುತ್ತಿದೆ ಎಂದರೆ ಒಬ್ಬರೂ ನಂಬದಿರುವುದು ಅವಳನ್ನು ಸೋಲಿಸಿತ್ತು.

ಜನವರಿಯ ಇಪ್ಪತ್ತೆಂಟಕ್ಕೆ ಮತ್ತೆ ಹೋದಾಗ ಅವಳಲ್ಲಿ ನಾಚಿಕೆಯೂ ಉಳಿದಿರಲಿಲ್ಲ, ಸಿಟ್ಟೂ ಉಳಿದಿರಲಿಲ್ಲ. ಹಿಂದಿನ ದಿನವಷ್ಟೇ ಹೊರಗಾಗಿದ್ದಳು. ಬಸ್ಸಿನಲ್ಲಿ ನಿಂತೇ ಬಂದಿದ್ದಳು. ತಾನು ಕೊನೆಯವಳಾಗಲಿ ಎಂದು ಬೆಂಚಿನ ತುದಿಯಲ್ಲಿ ಕೂತು, ಎಲ್ಲರೂ ಹೋದ ಮೇಲೆ ಒಳಗೆ ಹೋದಳು. ಡಾಕ್ಟರು ಚಪ್ಪಲಿ ಕಳಚಿ, ಕುರ್ಚಿಗೆ ಒರಗಿ, ಸೊಂಟದ ಹಿಂದೆ ಬಿಸಿನೀರಿನ ರಬ್ಬರು ಚೀಲ ಇಟ್ಟುಕೊಂಡು ಕಣ್ಣು ಮುಚ್ಚಿದ್ದರು. ಇವಳನ್ನು ಕಂಡು ಗಡಿಬಿಡಿಯಿಂದ ಸರಿಯಾಗಿ ಕೂತರು.

“ಇರ್ಲಿ ಬಿಡ್ರಿ ಬಾಯಾರ,” ಎಂದಳು ಕೆಂಪವ್ವ. “ನಿಮಗೂ ಇವತ್ತ ಹೊರಗೇನ್ರಿ?”

“ನಿಮಗೂ ಅಂದ್ರ?”

“ನನಗೂ ಇವತ್ತ ಎರಡನೇ ದಿನಾರಿ.”

ಡಾಕ್ಟರು ಕೈಗವಸು ಹಾಕಿಕೊಳ್ಳಲು ಹೋದವರು ನಿಂತರು. “ಹೋದ ಸಲಾ ಬಂದಾಗ?”

“ಆವಾಗೂರಿ. ಅದರ ಹಿಂದಿನ ಸಲಾನೂರಿ. ನಮಗ ಸೂಟಿ ಸಿಗೂದ ಆವಾಗಷ್ಟ. ಉಳದ ದಿನಾ ಒಲಿ ಮುಂದ ಇರತೇನಿ.”

ಡಾಕ್ಟರು ಅವಳ ಕೈಯಿಂದ ಕಾರ್ಡು ಇಸಿದುಕೊಂಡು ನೋಡಿದರು. ಡಿಸೆಂಬರ ಮೂರು. ಡಿಸೆಂಬರ ಮೂವತ್ತೊಂದು. ಇವತ್ತು ಇಪ್ಪತ್ತೆಂಟು. ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಾಡಿಸಿ ಎಣಿಸಿದರು, ಎರಡು ಸಲ ಎಣಿಸಿದರು. ಆಮೇಲೆ ಬಂದು ಕೆಂಪವ್ವನ ಎದುರಿನ ಸ್ಟೂಲಿನ ಮೇಲೆ ಕೂತರು.

“ನಾವು ಓದೂ ಪುಸ್ತಕದಾಗ ಬರದಾರ ಕೆಂಪವ್ವಾರ. ಮುಟ್ಟಿನ ದಿನಕ್ಕ, ಅದರ ಹಿಂದಿನ ನಾಕ ದಿನಕ್ಕ ಕೆಲವ್ರಿಗಿ ನೋವು ಹೆಚ್ಚ ಗೊತ್ತಾಗತೈತಿ, ಸೂಜಿ ಹತ್ತೂದು ತಡಾ ಆಗಬಹುದು, ಸಾಲದೂ ಆಗಬಹುದು ಅಂತ. ಎಲ್ಲಾರಿಗೂ ಹಂಗಲ್ಲ. ಇದ ಕಾರಣ ಅಂತ ಗಟ್ಟ್ಯಾಗಿ ಹೇಳಾಕ ನನಗ ಬರೂದಿಲ್ಲ. ಬೇರಿನ ಬುಡಕ ಕೀವು ಇದ್ರೂ ಸೂಜಿ ಹತ್ತೂದಿಲ್ಲ, ನಿಮಗ ಅದೂ ಐತಿ. ಆದ್ರ ಮೂರೂ ಸಲಾ ಅದ ದಿನಕ್ಕ ಬಂದೀರಿ.”

“ಹಂಗಾರ ಅದು ಅಂಜಿಕಿ ಅಲ್ಲೇನ್ರಿ?”

“ಅಲ್ಲ.” ಡಾಕ್ಟರು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡರು. “ಹದಿನೈದ ವರ್ಷ ಆತು ಹಲ್ಲ ಕೀಳಾಕತ್ತು. ಬಿಪಿ ಕೇಳತೇನಿ, ಸಕ್ಕರಿ ಕೇಳತೇನಿ, ಬಸರ ಅದೀರೇನು ಅಂತ ಕೇಳತೇನಿ. ಇದನ್ನ ಒಬ್ಬರಿಗೂ ಕೇಳಿಲ್ಲ. ನಾನೂ ಹೆಂಗಸ.”

ಹಾಗೆಂದು ಪೆನ್ನು ತೆಗೆದು ಕಾರ್ಡಿನ ಮೇಲಿನ ‘ಭಯ ಹೆಚ್ಚು’ ಎಂಬುದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದರು. ಕೆಂಪವ್ವನ ಕಣ್ಣಲ್ಲಿ ಥಟ್ಟನೆ ನೀರು ಬಂತು. ಹಲ್ಲು ಇನ್ನೂ ಬಾಯಲ್ಲೇ ಇತ್ತು, ಆದರೂ ಅರ್ಧ ನೋವು ಇಳಿದಂತಾಯಿತು.

ಡಾಕ್ಟರು ಕೀವಿಗೆ ಐದು ದಿನದ ಮಾತ್ರೆ ಕೊಟ್ಟು, ಫೆಬ್ರುವರಿ ಒಂಬತ್ತಕ್ಕೆ ಬನ್ನಿ ಎಂದರು. ಕೆಂಪವ್ವ ನಕ್ಕಳು. ನಗುವುದಕ್ಕೂ ದವಡೆ ನೋಯುತ್ತಿತ್ತು. “ಒಂಬತ್ತಕ್ಕ ನನ್ನ ಯಾರ ಬಿಡತಾರ್ರಿ ಬಾಯಾರ.”

ಕೇಳಿ ನೋಡದೇ ಇರಲಿಲ್ಲ. ಎಂಟು ದಿನ ಬಿಟ್ಟು, ಅತ್ತೆಯ ಮುಖ ಸ್ವಲ್ಪ ಚಲೋ ಇದ್ದ ಹೊತ್ತು ನೋಡಿ ಮಾತು ತೆಗೆದಳು.

“ಹಲ್ಲ ಕೀಳಾಕೂ ಮುಹೂರ್ತಾ ಇಡತಾರೇನು?” ಎಂದಳು ಶಂಕ್ರೆವ್ವ. “ಲಗ್ನದ ಸುಗ್ಗಿ ಇದು. ಹೊರಗಾದಾಗ ಹೋಗತಿದ್ದಿ, ಆವಾಗ ಹೋಗು. ಯಾರ ಬ್ಯಾಡ ಅಂದಾರ?”

ಮುತ್ತಪ್ಪನನ್ನು ಕೇಳಿದರೆ, ಅವ್ವನ್ನ ಕೇಳು ಎಂದ. ಆ ಮನೆಯಲ್ಲಿ ನೀರಿನ ಇಲಾಖೆ ಅವನದು, ಬೆಂಕಿಯ ಇಲಾಖೆ ಅವ್ವನದು. ಒಬ್ಬರ ಇಲಾಖೆಯಲ್ಲಿ ಇನ್ನೊಬ್ಬರು ಕೈಹಾಕುತ್ತಿರಲಿಲ್ಲ.

ಫೆಬ್ರುವರಿ ಒಂಬತ್ತರ ಬೆಳಗು ಕೆಂಪವ್ವ ಎದ್ದು, ಒಲೆ ಹೊತ್ತಿಸದೆ, ಚಾಪೆ ಸುತ್ತಿಕೊಂಡು ಹೋಗಿ ಕಟ್ಟೆಯ ಮೇಲೆ ಹಾಸಿದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅತ್ತೆಗೆ ಸುಳ್ಳು ಹೇಳಿರಲಿಲ್ಲ ಎಂದಲ್ಲ, ಈ ವಿಷಯದಲ್ಲಿ ಹೇಳಿರಲಿಲ್ಲ.

“ಅತ್ತಿ, ಹೊರಗಾಗೀನ್ರಿ.”

ಶಂಕ್ರೆವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. “ಮೊನ್ನಿ ಆಗಿತ್ತಲ್ಲ?”

“ವಯಸ್ಸಾತಲ್ರಿ. ಹಿಂದ ಮುಂದ ಆಗಾಕತ್ತೇತಿ.”

ಅತ್ತೆ ಅವಳನ್ನೇ ಒಂದು ಗಳಿಗೆ ನೋಡಿದಳು. “ಹಾಲವ್ವನ್ನ ಕರಿ,” ಎಂದು ಒಳಗೆ ಹೋದಳು. ಸುಳ್ಳು ಇಷ್ಟು ಹಗುರವಾಗಿ ದಾಟುತ್ತದೆಂದು ಕೆಂಪವ್ವನಿಗೆ ಗೊತ್ತಿದ್ದರೆ ಹಲ್ಲು ಯಾವಾಗಲೋ ಹೋಗಿರುತ್ತಿತ್ತು.

ಜಮಖಂಡಿಯಲ್ಲಿ ಡಾಕ್ಟರು ಒಂದೇ ಸೂಜಿ ಕೊಟ್ಟರು. ಹತ್ತು ನಿಮಿಷವಾದ ಮೇಲೆ ಕಡ್ಡಿಯಿಂದ ಹಲ್ಲಿನ ಸುತ್ತ ಚುಚ್ಚಿ, “ಗೊತ್ತಾಗತೇತೇನ್ರಿ?” ಎಂದರು. ಗೊತ್ತಾಗಲಿಲ್ಲ. ಇಕ್ಕಳ ಬಂತು. ಕೆಂಪವ್ವ ಕುರ್ಚಿಯ ಕೈ ಹಿಡಿದು, ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾಯುತ್ತಲೇ ಇದ್ದಳು. ದವಡೆಯನ್ನು ಯಾರೋ ದೂಡಿದಂತಾಯಿತು, ಕರಕರ ಸಪ್ಪಳ ಕೇಳಿತು. ಆಮೇಲೆ ತಾಟಿನಲ್ಲಿ ಟಣ್ ಎಂದು ಏನೋ ಬಿತ್ತು.

“ಮಾತ್ರಿಯಿಂದ ಆತೋ, ದಿನಾ ಬದಲಾಗಿದ್ದಕ್ಕ ಆತೋ, ನನಗ ಗೊತ್ತಿಲ್ಲ. ಅಂತೂ ಹತ್ತಿತು,” ಎಂದರು ಡಾಕ್ಟರು. ಅವರ ದನಿಯಲ್ಲೂ ದಣಿವಿತ್ತು, ಆದರೆ ಮುಖ ನಗುತ್ತಿತ್ತು.

ಕೆಂಪವ್ವ ಆ ಹಲ್ಲನ್ನು ನೋಡಿದಳು. ಕಡಲೆಕಾಳಿಗಿಂತ ಒಂದಿಷ್ಟು ದೊಡ್ಡದು. ಇಷ್ಟಕ್ಕೆ ಮೂರು ತಿಂಗಳು ಎನಿಸಿ ತನ್ನ ಮೇಲೆ ತನಗೇ ಮರುಕ ಹುಟ್ಟಿತು.

ಇನ್ನು ಮೂರು ದಿನದ ಸೂಟಿ ಬಾಕಿಯಿತ್ತು, ಸುಳ್ಳನ್ನು ನಡುವೆ ಬಿಡುವಂತಿಲ್ಲವಲ್ಲ. ಸೊಂಟ ನೋವಿಲ್ಲದ, ಕಾಲು ಸೆಳೆತವಿಲ್ಲದ ಸೂಟಿಯನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಹಗಲು ಹೊತ್ತು ಕಟ್ಟೆಯ ಮೇಲೆ ಮಲಗಿ ನಿದ್ದೆ ಹೋದಳು. ಎದ್ದಾಗಲೆಲ್ಲ ಕಳ್ಳತನ ಮಾಡಿದಂತೆ ಅಳುಕಾಗುತ್ತಿತ್ತು, ಆದರೂ ಮತ್ತೆ ಮಲಗುತ್ತಿದ್ದಳು.

ನಿಜವಾದದ್ದು ತಪ್ಪದೆ ಬಂತು. ಫೆಬ್ರುವರಿ ಇಪ್ಪತ್ತೈದರ ಬೆಳಗು. ಬೀಳಗಿಯ ಲಗ್ನವೊಂದಕ್ಕೆ ನಾನೂರು ರೊಟ್ಟಿ ಕೊಡಬೇಕಿತ್ತು, ಮೊದಲ ಇನ್ನೂರನ್ನು ಹತ್ತು ಗಂಟೆಗೆ ಬಾಡಿಗೆಗೆ ಗಾಡಿ ಓಡಿಸುವ ಮಾಳು ತನ್ನ ಟಂಟಂ ರಿಕ್ಷಾ ತಂದು ಒಯ್ಯುವವನಿದ್ದ. ಕೆಂಪವ್ವ ಬಚ್ಚಲಲ್ಲಿ ನಿಂತು ಲೆಕ್ಕ ಹಾಕಿದಳು. ತಿಂಗಳೊಪ್ಪತ್ತಿನೊಳಗೆ ಮೂರು ಸಲ ಹೊರಗಾಗುವ ಸೊಸೆಯನ್ನು ಯಾವ ಅತ್ತೆ ನಂಬುತ್ತಾಳೆ. ಹೇಳಿದರೆ ಹಳೆಯ ಸುಳ್ಳು ಹೊರಬೀಳುತ್ತದೆ. ಹೇಳದಿದ್ದರೆ ಒಲೆ, ತವೆ, ಹಿಟ್ಟು ಎಲ್ಲ ಮುಟ್ಟಬೇಕು. ಹೇಳದೆಯೇ ಹೋಗಿ ಒಲೆಯ ಮುಂದೆ ಕೂತಳು.

ಮೊದಲ ರೊಟ್ಟಿಯನ್ನು ತವೆಗೆ ಹಾಕಿದಳು. ಉಬ್ಬುತ್ತದೋ ಇಲ್ಲವೋ ಎಂದು ಬಗ್ಗಿ ನೋಡಿದಳು. ನಿನ್ನೆಯಂತೆಯೇ ಉಬ್ಬಿತು. ಎರಡನೆಯದೂ ಉಬ್ಬಿತು. ಐವತ್ತಾಗುವ ಹೊತ್ತಿಗೆ ನೋಡುವುದನ್ನೇ ಬಿಟ್ಟಿದ್ದಳು, ಯಾಕೆಂದರೆ ಸೊಂಟ ಹರಿದು ಹೋಗುವಂತೆ ನೋಯುತ್ತಿತ್ತು. ಪಾಪದ ಭಯಕ್ಕೂ ಒಂದಿಷ್ಟು ಶಕ್ತಿ ಬೇಕು, ಅವಳಲ್ಲಿ ಅದು ಉಳಿದಿರಲಿಲ್ಲ. ಒಂದೇ ಭಯ ಉಳಿದಿತ್ತು, ಅತ್ತೆಗೆ ತಿಳಿದರೆ ಅಷ್ಟೂ ರೊಟ್ಟಿ ತಿಪ್ಪೆಗೆ ಹೋಗುತ್ತವೆ, ಇನ್ನೆಂದೂ ತಾನು ಈ ಮನೆಯಲ್ಲಿ ತಲೆಯೆತ್ತುವಂತಿಲ್ಲ.

ಇನ್ನೂರು ಮುಗಿದಾಗ ಒಂದು ಮುರಿದ ರೊಟ್ಟಿಯ ತುಣುಕನ್ನು ಬಾಯಿಗೆ ಹಾಕಿಕೊಂಡಳು. ಎದುರಿಗೆ ಹಿಟ್ಟು ನಾದುತ್ತಿದ್ದ ಶಂಕ್ರೆವ್ವ ಕಟುಂ ಸಪ್ಪಳ ಕೇಳಿ ತಲೆಯೆತ್ತಿದಳು.

“ಒದರಿ ಒದರಿ ಅಂತೂ ಕೀಳಿಸಿದಿ.”

“ಈ ಸಲಾ ಒದರಿಲ್ರಿ.” ಕೆಂಪವ್ವ ತುಣುಕು ನುಂಗಿ ಕೇಳಿದಳು, “ಅತ್ತಿ, ನೀವು ಆ ಹನ್ನೊಂದ ಹಲ್ಲ ಯಾವಾಗ ಕೀಳಿಸಿದ್ರಿ?”

“ಒಂದೊಂದ ವರ್ಷಕ್ಕ ಒಂದೊಂದು.”

“ಹಂಗಲ್ರಿ. ಯಾವ ದಿನಕ್ಕ ಹೋಗತಿದ್ರಿ?”

“ಮತ್ತ ಯಾವಾಗ? ಹೊರಗಾದಾಗ. ಉಳದ ದಿನಾ ನಮ್ಮತ್ತಿ ಬಿಡತಿದ್ಲೇನು?”

“ಸೂಜಿ ಹತ್ತತಿತ್ತೇನ್ರಿ?”

ಶಂಕ್ರೆವ್ವನ ಕೈ ಹಿಟ್ಟಿನಲ್ಲಿ ನಿಂತಿತು. ಒಲೆಯೊಳಗೆ ಕಟ್ಟಿಗೆ ಚಟಪಟ ಅಂದಿತು.

“ಇಲ್ಲ,” ಎಂದಳು.

“ಹನ್ನೊಂದಕ್ಕೂ?”

“ಒಂದಕ್ಕೂ ಹತ್ತಲಿಲ್ಲ. ಒದರಿದ್ರ ಮುಂದಿನ ಸಲಾ ಕಳಸೂದಿಲ್ಲ ಅಂತ ಸೆರಗ ಮುಷ್ಟ್ಯಾಗ ಹಿಡಕೊಂಡ ಕುಂದರತಿದ್ನಿ. ಎಲ್ಲಾರಿಗೂ ಹಂಗ ಇರತೈತಿ ಅಂತ ತಿಳಕೊಂಡಿದ್ನಿ.”

ಕೆಂಪವ್ವನಿಗೆ ತಡೆಯಲಾಗಲಿಲ್ಲ. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. ಕೆಲವರಿಗೆ ಆ ದಿನಗಳಲ್ಲಿ ನೋವು ಹೆಚ್ಚು, ಸೂಜಿ ಸರಿಯಾಗಿ ಹತ್ತದೇ ಇರಬಹುದು, ಅದು ಅಂಜಿಕೆಯಲ್ಲ, ಬೇರೆ ದಿನ ಬಂದಿದ್ದರೆ ನೆಟ್ಟಗಾಗಬಹುದಿತ್ತು. ಹೇಳಿ ಮುಗಿಸಿದ ಮೇಲೆ ಏನು ಹೇಳಿದೆನೆಂದು ಅವಳಿಗೆ ಹೊಳೆಯಿತು. ಅಷ್ಟರಲ್ಲಿ ಶಂಕ್ರೆವ್ವ ಕೇಳಿಯಾಗಿತ್ತು.

“ಹಂಗಾರ ಮೊನ್ನಿ ನಿನಗ ಹೆಂಗ ಹತ್ತಿತು? ಮೊನ್ನಿನೂ ಹೊರಗ ಇದ್ದೆಲ್ಲ.”

ಕೆಂಪವ್ವ ತವೆ ನೋಡುತ್ತ ಕೂತಳು. ಶಂಕ್ರೆವ್ವ ಹಿಟ್ಟಿನ ಬೆರಳುಗಳನ್ನು ಒಂದೊಂದಾಗಿ ಮಡಚಿ ದಿನ ಎಣಿಸಿದಳು. ಸೊಸೆ ಎಡಗೈಯನ್ನು ಸೊಂಟಕ್ಕೆ ಒತ್ತಿ ಹಿಡಿದದ್ದನ್ನು ನೋಡಿದಳು. ಆಮೇಲೆ ಗೋಡೆಗೆ ಒರಗಿ ನಿಂತಿದ್ದ ರೊಟ್ಟಿಯ ರಾಶಿಯನ್ನು ನೋಡಿದಳು.

ಹೊರಗೆ ಮಾಳುವಿನ ಟಂಟಂ ಬಂದು ಹಾರ್ನು ಹೊಡೆಯಿತು.

ಶಂಕ್ರೆವ್ವ ಮೊಣಕಾಲಿಗೆ ಕೈಯೂರಿ ಎದ್ದಳು. ಈಗ ಆಯಿತು ಎಂದು ಕೆಂಪವ್ವ ಕಣ್ಣು ಮುಚ್ಚಿಕೊಂಡಳು. ಬಟ್ಟೆ ಝಾಡಿಸಿದ ಸಪ್ಪಳವಾಯಿತು. ಕಣ್ಣು ತೆರೆದರೆ, ಅತ್ತೆ ಬಿಳಿ ಬಟ್ಟೆ ಹಾಸಿ, ರೊಟ್ಟಿಗಳನ್ನು ಒಡೆಯದಂತೆ ಎತ್ತಿಟ್ಟು, ನಾಲ್ಕು ತುದಿ ಸೇರಿಸಿ ಗಂಟು ಹಾಕುತ್ತಿದ್ದಳು. ಗಂಟನ್ನು ತಾನೇ ಬಾಗಿಲಿಗೆ ಹೊತ್ತಳು.

“ತಗೋ ಮಾಳೂ, ಸಾವಕಾಶ ಒಯ್ಯಿ. ಉಳದದ್ದು ಸಂಜಿಗಿ ಅಂತ ಹೇಳು.”

ತಿರುಗಿ ಬಂದು ಕೆಂಪವ್ವನ ಪಕ್ಕದಲ್ಲಿ ನಿಂತಳು. “ಈ ಕಡೆ ಸರಿ. ಕಟ್ಟಿ ಮ್ಯಾಲ ಹೋಗಿ ಬೀಳು. ಹಾಲವ್ವ ಬರತಾಳ.”

“ಅತ್ತಿ, ಒಲಿ ಮುಟ್ಟೀನ್ರಿ ನಾ...”

“ಒಲಿಗೇನೂ ಆಗಿಲ್ಲ. ನಿನ್ನ ಸೊಂಟಾ ನೋಯಾಕತ್ತೇತಿ, ಏಳು.”

ಕೆಂಪವ್ವ ಹೋಗಿ ಚಾಪೆಯ ಮೇಲೆ ಬಿದ್ದುಕೊಂಡಳು. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬರತೊಡಗಿತು, ಮುದುಕಿಯ ಕೈ, ನಿಧಾನ. ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ಏನಾಯಿತೆಂದು ಕೆಂಪವ್ವ ಕತ್ತು ಹೊರಳಿಸಿ ಬಾಗಿಲಲ್ಲಿ ನೋಡಿದಳು. ಶಂಕ್ರೆವ್ವ ಒಲೆಯ ಮುಂದೆ ಕೂತು, ಹಿಟ್ಟು ಹತ್ತದ ಎಡಗೈಯ ಬೆರಳನ್ನು ಬಾಯೊಳಗೆ ಇಟ್ಟು, ಹಲ್ಲಿಲ್ಲದ ಒಸಡನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಮೆಲ್ಲಗೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ತವೆಯ ಮೇಲಿನ ರೊಟ್ಟಿ ಸೀಯುತ್ತಿತ್ತು, ಅದರ ಕಡೆ ಅವಳ ಲಕ್ಷ್ಯವಿರಲಿಲ್ಲ.